ಆಕಾಶದ ಬಾಡಿಗೆ ಕಟ್ಟುವವರು ಯಾರು?

ಮಾಟುಂಗಾ, ಮುಲುಂಡ್, ಡೊಂಬಿವಲಿಯ ಹಳೆಯ ಸೊಸೈಟಿಗಳ ಕಿಟಕಿ ಗ್ರಿಲ್‌ಗಳನ್ನು ನೋಡುತ್ತ ನಡೆದರೆ ಇಂದಿಗೂ ಅಲ್ಲೊಂದು ಇಲ್ಲೊಂದು ಅಂಗೈಯಗಲದ ಪ್ಲಾಸ್ಟಿಕ್ ಹಲಗೆ ಕಣ್ಣಿಗೆ ಬೀಳುತ್ತದೆ. ತಂತಿ ಎಂದೋ ಕತ್ತರಿಸಿ ಹೋಗಿದೆ, ಮೇಲೆ ಎರಡು ಸಲ ಆಯಿಲ್ ಪೇಂಟ್ ಬಳಿದಾಗಿದೆ. ಆದರೂ ಪೂರ್ವಕ್ಕೂ ಆಗ್ನೇಯಕ್ಕೂ ನಡುವೆ, ಅರ್ಧ ಆಕಾಶದ ಎತ್ತರಕ್ಕೆ ಮುಖ ಮಾಡಿಕೊಂಡು ಕೂತೇ ಇದೆ. ಅದು ಚಂದಾ ಕಟ್ಟಿದವರ ಮನೆಗೆ ಉಪಗ್ರಹದಿಂದ ನೇರವಾಗಿ ರೇಡಿಯೋ ಕಳಿಸುತ್ತಿದ್ದ ವರ್ಲ್ಡ್‌ಸ್ಪೇಸ್ ಸೇವೆಯ ಆಂಟೆನಾ. ಭಾರತದಲ್ಲಿ ಆ ಸೇವೆ ನಿಂತದ್ದು 2009ರ ಡಿಸೆಂಬರ್ 31ಕ್ಕೆ. ಮನೆಯವರು ಹಲಗೆ ತೆಗೆಯದಿರಲು ಸೋಮಾರಿತನ ಒಂದೇ ಕಾರಣ ಇದ್ದೀತು. ಆದರೂ ಶಾಸ್ತ್ರೀಯ ಸಂಗೀತದ ಕೇಳುಗರು ನಾಲ್ಕು ಜನ ಸೇರಿದ ಕಡೆ ಆ ಸೇವೆಯ ಮಾತು ಬಂದರೆ ದನಿ ಇಳಿಯುತ್ತದೆ, ತೀರಿಕೊಂಡ ನೆಂಟರ ಬಗ್ಗೆ ಮಾತಾಡಿದ ಹಾಗೆ.

ಹತ್ತು ಜನ ಮಾತ್ರ ಕೇಳುವ ಸಂಗೀತಕ್ಕೆ ಉಪಗ್ರಹ ರೇಡಿಯೋದಿಂದ ಪ್ರಯೋಜನವಿದೆಯೇ ಎಂಬ ಪ್ರಶ್ನೆ ಈಗ ಎರಡು ವೇಷದಲ್ಲಿ ಬರುತ್ತದೆ. ಒಂದು, "ಫ್ರೀ ಡಿಶ್‌ನಲ್ಲಿ ಆಕಾಶವಾಣಿಯ ರಾಗಂ ಬರ್ತದಂತೆ, ಹಾಕಿಸೋದಾ?" ಎಂದು ಪುಣೆಯ ನಿವೃತ್ತರು ಕೇಳುವುದು. (ಫ್ರೀ ಡಿಶ್ ಎಂದರೆ ದೂರದರ್ಶನದ ಚಂದಾ ಇಲ್ಲದ ಡಿಶ್ ಸೇವೆ, ರಾಗಂ ಶಾಸ್ತ್ರೀಯ ಸಂಗೀತದ ವಾಹಿನಿ.) ಇನ್ನೊಂದು, ನ್ಯೂಜೆರ್ಸಿಯಲ್ಲಿರುವ ಮಗನ ಹೊಸ ಕಾರಿನಲ್ಲಿ ಮೂರು ತಿಂಗಳು ಪುಕ್ಕಟೆ ಬಂದ ಉಪಗ್ರಹ ರೇಡಿಯೋಗೆ ಮುಂದೆ ಚಂದಾ ಕಟ್ಟಬೇಕೇ ಎಂಬುದು. ಎರಡಕ್ಕೂ ಉತ್ತರ ಬೇರೆ ಬೇರೆ. ಆದರೆ ಎರಡರ ಹಿಂದೆಯೂ ಇರುವುದು ಒಂದೇ ಲೆಕ್ಕ, ಅದನ್ನು ಯಾರೂ ಬಿಡಿಸಿ ಹೇಳುವುದಿಲ್ಲ.

ಕಿಟಕಿಗೆ ಅಂಟಿದ ರೇಡಿಯೋ

ಆ ದಿನಗಳ ಭಾನುವಾರ ಬೆಳಗಿನ ದೃಶ್ಯ ಎಲ್ಲ ಮನೆಗಳಲ್ಲೂ ಒಂದೇ. ಒಬ್ಬರು ಗ್ರಿಲ್‌ನಿಂದ ಕೈ ಹೊರಗೆ ಚಾಚಿ ಹಲಗೆಯನ್ನು ಕೂದಲೆಳೆಯಷ್ಟು ತಿರುಗಿಸುವುದು, ಒಳಗೆ ಇನ್ನೊಬ್ಬರು ಸೆಟ್‌ನ ಸಿಗ್ನಲ್ ಕಡ್ಡಿ ನೋಡಿ ಕೂಗುವುದು: "ಬಂತು ಬಂತು... ಹೋಯ್ತು... ಸ್ವಲ್ಪ ಹಿಂದೆ... ಹಾಂ, ಅಲ್ಲೇ ಬಿಡ್ರೀ, ಉಸಿರಾಡಬ್ಯಾಡ್ರಿ!" ಏಷ್ಯಾಸ್ಟಾರ್ ಉಪಗ್ರಹ 2000ರ ಮಾರ್ಚ್‌ನಲ್ಲಿ ಹಾರಿ, ಸಮಭಾಜಕದ ಮೇಲೆ 105 ಡಿಗ್ರಿ ಪೂರ್ವದಲ್ಲಿ ನಿಂತಿತ್ತು. ಮುಂಬಯಿಯಿಂದ ನೋಡಿದರೆ ಅದು ದಿಕ್ಸೂಚಿಯ 117 ಡಿಗ್ರಿಯಲ್ಲಿ, ದಿಗಂತದಿಂದ 47 ಡಿಗ್ರಿ ಮೇಲೆ. ಪುಣೆಯಲ್ಲಿ ಒಂದು ಡಿಗ್ರಿ ಹೆಚ್ಚು, ಅಷ್ಟೇ. ಅಂದರೆ ಮುಂಬಯಿಯಲ್ಲಿ ಜನ ಹೆಚ್ಚು ದುಡ್ಡು ಸುರಿದು ಕೊಳ್ಳುವ, ಪಡುವಣ ಕಡಲಿಗೆ ಮುಖ ಮಾಡಿದ ಮನೆಗಳಲ್ಲಿ ಅದು ಬರುವಂತೆಯೇ ಇರಲಿಲ್ಲ. ಹಿಂಬದಿಯ, ರೈಲುಹಳಿ ಕಡೆಯ ಅಗ್ಗದ ಮನೆಗೆ ಬರುತ್ತಿತ್ತು.

ಅದು ಎಲ್-ಬ್ಯಾಂಡ್, 1467ರಿಂದ 1492 ಮೆಗಾಹರ್ಟ್ಸ್. ಈ ಅಲೆಗೆ ಮಳೆಯ ಹೆದರಿಕೆ ಇಲ್ಲ. ಜುಲೈ ತಿಂಗಳ ಮುಂಬಯಿ ಮಳೆಯಲ್ಲಿ ಟಿವಿಯ ಡಿಶ್‌ಗಳು ಕಣ್ಮುಚ್ಚಿದಾಗಲೂ ವರ್ಲ್ಡ್‌ಸ್ಪೇಸ್ ಹಾಡುತ್ತಲೇ ಇತ್ತು. ಅದಕ್ಕೆ ಆಗದಿದ್ದದ್ದು ಗೋಡೆ, ಪಕ್ಕದ ಕಟ್ಟಡ ಮತ್ತು ಒದ್ದೆ ಎಲೆ. ಜನವರಿಯಲ್ಲಿ ಚೆನ್ನಾಗಿ ಬರುತ್ತಿದ್ದದ್ದು ಮಳೆಗಾಲದಲ್ಲಿ ಮಾಯವಾದರೆ ಮೋಡವನ್ನು ಬೈಯುವ ಬದಲು ಎದುರಿನ ಗುಲ್‌ಮೊಹರ್ ಮರ ಎಷ್ಟು ಚಿಗುರಿದೆ ಎಂದು ನೋಡಬೇಕಿತ್ತು. ಮನೆಯೊಳಗೆ, ಕಾರಿನಲ್ಲಿ, ಲೋಕಲ್ ಟ್ರೇನಿನಲ್ಲಿ ಅದು ಸಿಗದು. ಅಮೆರಿಕದಲ್ಲಿ ಇದೇ ತೊಂದರೆಗೆ ದೊಡ್ಡ ಊರುಗಳೊಳಗೆ ನೆಲದ ಮೇಲೆ ಮರುಪ್ರಸಾರದ ಗೋಪುರ ನೆಟ್ಟರು, ಇಲ್ಲಿ ಅದು ಆಗಲಿಲ್ಲ. ಕಾರಿಗೆ ಬರಲಾರದ ರೇಡಿಯೋ ಕಿಟಕಿಗೆ ಅಂಟಿಕೊಂಡೇ ಉಳಿಯಿತು. ಮೂಲ ಕಂಪನಿ 2008ರ ಅಕ್ಟೋಬರ್‌ನಲ್ಲಿ ಅಮೆರಿಕದ ನ್ಯಾಯಾಲಯದಲ್ಲಿ ದಿವಾಳಿ ಅರ್ಜಿ ಹಾಕಿತು.

ಅಲ್ಲಿ ಏನೇನಿತ್ತು ಎಂಬುದನ್ನು ಕೇಳುಗರು ಇನ್ನೂ ಬಾಯಿಪಾಠ ಹೇಳುತ್ತಾರೆ. ಕರ್ನಾಟಕ ಸಂಗೀತಕ್ಕೆ ಶ್ರುತಿ, ಹಿಂದೂಸ್ತಾನಿಗೆ ಗಾಂಧರ್ವ, ಕನ್ನಡಕ್ಕೆ ಸ್ಪರ್ಶ, ಜ್ಯಾಝ್‌ಗೆ ರಿಫ್, ಪಾಶ್ಚಾತ್ಯ ಶಾಸ್ತ್ರೀಯಕ್ಕೆ ಮೇಸ್ಟ್ರೋ. ದಿನದ 24 ಗಂಟೆ, ಜಾಹೀರಾತಿನ ಗಲಾಟೆ ಇಲ್ಲದೆ.

ತಿರುಗುಮುರುಗಾದ ಲೆಕ್ಕ

ವರ್ಲ್ಡ್‌ಸ್ಪೇಸ್‌ನ ಒಂದು ಪ್ರಸಾರದ ಕಟ್ಟಿನಲ್ಲಿ ಸೆಕೆಂಡಿಗೆ 16 ಕಿಲೋಬಿಟ್‌ನ 96 ಖಾನೆಗಳು. ಒಟ್ಟು 1,536 ಕಿಲೋಬಿಟ್. ಒಂದು ಸ್ಟೇಷನ್‌ಗೆ 64 ಕಿಲೋಬಿಟ್ ಕೊಟ್ಟರೆ ನಾಲ್ಕು ಖಾನೆ ಹೋಯಿತು, ಕಟ್ಟಿಗೆ 24 ಸ್ಟೇಷನ್. ಚೆನ್ನಾಗಿ ಕೇಳಿಸಲಿ ಎಂದು 128 ಕೊಟ್ಟರೆ 12 ಮಾತ್ರ. ಖಾನೆ ಹೆಚ್ಚಿಸಲು ದಾರಿ ಇಲ್ಲ, ಉಪಗ್ರಹಕ್ಕೆ ಹೊಸ ಕೋಣೆ ಕಟ್ಟಿಸಲಾಗದು. ಈ ಕಟ್ಟಿನಲ್ಲಿ ಹೊಸ ಸಿನಿಮಾ ಹಾಡಿನ ಸ್ಟೇಷನ್ ಎಷ್ಟು ಜಾಗ ಹಿಡಿಯುತ್ತದೋ ವೀಣಾವಾದನದ ಸ್ಟೇಷನ್ನೂ ಅಷ್ಟೇ ಹಿಡಿಯುತ್ತದೆ. ಒಂದನ್ನು ಲಕ್ಷ ಜನ ಕೇಳುತ್ತಾರೆ, ಇನ್ನೊಂದನ್ನು ಸಾವಿರ ಜನ.

ಉಪಗ್ರಹದಲ್ಲಿ ಒಬ್ಬ ಕೇಳುಗ ಹೆಚ್ಚಾದರೆ ಖರ್ಚು ಸೊನ್ನೆ, ಒಂದು ಸ್ಟೇಷನ್ ಹೆಚ್ಚಾಗಬೇಕಾದರೆ ಇನ್ನೊಂದನ್ನು ಕೊಲ್ಲಬೇಕು. ಇಂಟರ್ನೆಟ್‌ನಲ್ಲಿ ಇದು ತಿರುಗುಮುರುಗು. ಸ್ಟೇಷನ್ ಎಷ್ಟಾದರೂ ಹಾಕಿ, ಖರ್ಚು ಬೀಳುವುದು ಕೇಳುಗರ ತಲೆಯೆಣಿಕೆಯ ಮೇಲೆ, ಅದೂ ಚಿಲ್ಲರೆ ಕಾಸು. ಹೀಗಾಗಿ ಕೋಟಿ ಜನ ಒಟ್ಟಿಗೆ ಕೇಳುವ ಕ್ರಿಕೆಟ್ ಕಾಮೆಂಟರಿ ಉಪಗ್ರಹಕ್ಕೆ ಹೇಳಿ ಮಾಡಿಸಿದ್ದು, ಚದುರಿ ಹೋದ ಸಾವಿರ ಜನ ಕೇಳುವ ಧ್ರುಪದದಂಥ ಹಳೆಯ ಹಾಡುಗಾರಿಕೆ ಇಂಟರ್ನೆಟ್‌ಗೆ. ಉಪಗ್ರಹ ರೇಡಿಯೋ ತನ್ನನ್ನು ಮಾರಿಕೊಂಡದ್ದು ಮಾತ್ರ ಧ್ರುಪದ ಕೇಳುವವರಿಗೆ, ಎಫ್‌ಎಂನಲ್ಲಿ ಸಿಗದ್ದು ಇಲ್ಲಿ ಸಿಗುತ್ತದೆ ಎಂದು. ತನ್ನ ಖರ್ಚಿಗೆ ತಕ್ಕ ಗಿರಾಕಿಯನ್ನು ಬಿಟ್ಟು ಅಂಗಡಿಗೆ ದುಬಾರಿಯಾಗುವ ಗಿರಾಕಿಯನ್ನೇ ಅದು ಕರೆದು ಕೂರಿಸಿತು. ಚಂದಾ ಹಣವನ್ನೇ ನಂಬಿದ ಉಪಗ್ರಹ ರೇಡಿಯೋದಲ್ಲಿ ಅಪರೂಪದ ಸಂಗೀತ ಯಾವತ್ತೂ ಬಾಡಿಗೆ ಬಾಕಿ ಇಟ್ಟುಕೊಂಡ ಒಕ್ಕಲು. ಕೈ ಬಿಗಿಯಾದಾಗ ಮೊದಲು ಕಣ್ಣು ಬೀಳುವುದು ಅದರ ಮೇಲೆ.

ತಂಬೂರಿಯ ಪರೀಕ್ಷೆ

ಖಾನೆಗಳ ಲೆಕ್ಕಕ್ಕೂ ಕಿವಿಗೂ ನೇರ ಸಂಬಂಧ ಇದೆ. ಸ್ಟೇಷನ್ ಸಂಖ್ಯೆ ಹೆಚ್ಚಿಸಲು ಪ್ರತಿಯೊಂದರ ಕಿಲೋಬಿಟ್ ಕತ್ತರಿಸುತ್ತಾರೆ. ಅಮೆರಿಕದ ಕಾರುಗಳಲ್ಲಿ ಬರುವ ಸಿರಿಯಸ್ ಎಕ್ಸ್‌ಎಂ ಎಂಬ ಸೇವೆಯ ಉಪಗ್ರಹ ಸ್ಟೇಷನ್‌ಗಳ ಬಗ್ಗೆ ಕಿವಿ ಚುರುಕಿರುವವರ ಹಳೆಯ ದೂರು ಇದೇ. ಕಡಿಮೆ ಕಿಲೋಬಿಟ್‌ನ ಹೊಸ ಸಂಕೋಚನ ಪದ್ಧತಿಗಳು ಮೇಲಿನ ಸ್ವರಾಂಶಗಳನ್ನು ಕಳಿಸುವುದೇ ಇಲ್ಲ, ಕೆಳಗಿನದನ್ನು ನೋಡಿ ಮೇಲಿನದು ಹೀಗಿದ್ದೀತು ಎಂದು ರಿಸೀವರ್ ಊಹಿಸಿ ತುಂಬುತ್ತದೆ. ಮಾತಿಗೆ, ಗಿಟಾರಿನ ಹಾಡಿಗೆ ಈ ಊಹೆ ಸಾಲುತ್ತದೆ. ತಂಬೂರಿಗೆ ಸಾಲದು. ತಂಬೂರಿಯ ಜೀವ ಇರುವುದು ಜವಾರಿಯಿಂದ, ಅಂದರೆ ತಂತಿ ಕುದುರೆಯ ಮೇಲೆ ಸವರಿ ಝೇಂಕರಿಸುವ ಗುಣದಿಂದ, ಏಳುವ ಮೇಲಿನ ಸ್ವರಾಂಶಗಳ ಸಾಲಿನಲ್ಲಿ, ಅವು ಒಂದಾದ ಮೇಲೊಂದು ಅರಳುವ ರೀತಿಯಲ್ಲಿ. ಅದನ್ನು ಊಹಿಸಿ ತುಂಬಿದರೆ ಕೇಳಿಸುವುದು ನೀರೊಳಗೆ ಮುಳುಗಿಸಿದ ತಂಬೂರಿ. ಜ್ಯಾಝ್ ಡ್ರಮ್ಮಿನ ಸಿಂಬಲ್ ಮೇಲೆ ಬ್ರಷ್ ಸವರಿದ ಸದ್ದೂ ಹೀಗೆಯೇ ಕೆಡುತ್ತದೆ.

ಯಾವುದೇ ರೇಡಿಯೋ ಸೇವೆಯನ್ನು ಪರೀಕ್ಷಿಸಲು ಇದೊಂದೇ ಸಾಕು. ಹಾಡುಗಾರರು ಬಾಯಿ ತೆರೆಯುವ ಮುನ್ನ ತಂಬೂರಿ ಮಾತ್ರ ನುಡಿಯುವ 20 ಸೆಕೆಂಡು ಹೆಡ್‌ಫೋನ್ ಹಾಕಿ ಕೇಳಿ. ನಾದ ಒಂದೇ ಸಮ ಹರಿದರೆ ಸರಿ, ಗುಳುಗುಳು ಎನ್ನುತ್ತ ಅಲುಗಿದರೆ ಅಲ್ಲಿ ಕಿಲೋಬಿಟ್ ಕದ್ದಿದ್ದಾರೆ. ಮೊಬೈಲ್ ಡೇಟಾ ದುಬಾರಿ ಎಂಬ ಹಳೆಯ ವಾದಕ್ಕೂ ಇಲ್ಲೇ ಲೆಕ್ಕ ಹೇಳಿಬಿಡಬಹುದು. 64 ಕಿಲೋಬಿಟ್ ಸ್ಟ್ರೀಮ್ ಗಂಟೆಗೆ 28.8 ಎಂಬಿ ನುಂಗುತ್ತದೆ. ದಿನಕ್ಕೆ ನಾಲ್ಕು ಗಂಟೆ ಕೇಳಿದರೆ 115 ಎಂಬಿ, ತಿಂಗಳಿಗೆ ಮೂರೂವರೆ ಜಿಬಿ. ದಿನಕ್ಕೆ ಒಂದೂವರೆ ಜಿಬಿ ಕೊಡುವ ಪ್ಯಾಕ್ ಇದ್ದವರಿಗೆ ಇದು ಚಟಾಕು.

ಆರಿಸುವ ಕೈ

ಹಾಗಾದರೆ ವರ್ಲ್ಡ್‌ಸ್ಪೇಸ್ ನೆನೆದು ದನಿ ಇಳಿಸುವವರು ಕಳೆದುಕೊಂಡದ್ದಾದರೂ ಏನು? ಅವರು ಆಗ ಕೇಳಿದ ಬಹುಪಾಲು ಧ್ವನಿಮುದ್ರಿಕೆ ಇವತ್ತು ಫೋನಿನಲ್ಲೇ ಇದೆ. ಹೋದದ್ದು ಆರಿಸಿ ಕೊಡುತ್ತಿದ್ದ ಕೈ. ಸಂಬಳಕ್ಕೆ ಕೂತ ಒಬ್ಬ ತಿಳಿದ ಮನುಷ್ಯ ಮುಂಜಾನೆಗೆ ಲಲತ, ಮಧ್ಯಾಹ್ನಕ್ಕೆ ಭೀಮಪಲಾಸಿ, ಹೊತ್ತು ಮುಳುಗುವಾಗ ಮಾರವಾ ಎಂದು ಪಟ್ಟಿ ಮಾಡುತ್ತಿದ್ದ. ಆ ಸಂಬಳಕ್ಕೂ ಉಪಗ್ರಹಕ್ಕೂ ಯಾವ ಸಂಬಂಧವೂ ಇಲ್ಲ, ಒಂದೇ ಬಿಲ್ಲಿನಲ್ಲಿ ಬಂದವು ಅಷ್ಟೇ.

ಈಗಿನ ಸ್ಟ್ರೀಮಿಂಗ್ ಆಪ್‌ಗಳು ಈ ಕೆಲಸದಲ್ಲಿ ಎಡವುವ ಬಗೆಗಳು ವಿಚಿತ್ರವಾಗಿವೆ. ಹಳೆಯ ಎಲ್‌ಪಿಯ ಒಂದು ಬದಿಯಲ್ಲಿ ನಿಧಾನಗತಿಯ ವಿಲಂಬಿತ, ಅದಕ್ಕಂಟಿ ವೇಗದ ದ್ರುತ್ ಇರುತ್ತದೆ. ಆಪ್‌ಗೆ ಏರಿಸುವಾಗ ಎರಡನ್ನೂ ಕತ್ತರಿಸಿ ಬೇರೆ ಬೇರೆ ಟ್ರ್ಯಾಕ್ ಮಾಡುತ್ತಾರೆ. ಶಫಲ್ ಒತ್ತಿದರೆ ಪೀಠಿಕೆಯೇ ಇಲ್ಲದೆ ದ್ರುತ್ ಧುಮುಕುತ್ತದೆ, ಮದುವೆಗೆ ಹೋದವನಿಗೆ ನೇರ ಮೊಸರನ್ನ ಬಡಿಸಿದ ಹಾಗೆ. ಮಲ್ಲಿಕಾರ್ಜುನ ಮನ್ಸೂರರ ಹೆಸರನ್ನು ಇಂಗ್ಲಿಷಿನಲ್ಲಿ ನಾಲ್ಕು ಥರ ಬರೆದಿರುತ್ತಾರೆ, ಆಪ್‌ನ ಲೆಕ್ಕದಲ್ಲಿ ಅವರು ನಾಲ್ಕು ಜನ. ಎಲ್ಲಕ್ಕಿಂತ ದೊಡ್ಡದು ದುಡ್ಡಿನ ಎಣಿಕೆ. ದೊಡ್ಡ ಸ್ಟ್ರೀಮಿಂಗ್ ಸೇವೆಗಳಲ್ಲಿ 30 ಸೆಕೆಂಡು ಕೇಳಿದರೆ ಒಂದು ಎಣಿಕೆ. ಮೂರು ನಿಮಿಷದ ಹಾಡಿಗೂ ಒಂದು, 40 ನಿಮಿಷದ ಖಯಾಲಿಗೂ ಒಂದು. ಉದ್ದ ಹಾಡುವವರಿಗೆ ಇದು ಶುದ್ಧ ನಷ್ಟ. ಆಪ್‌ಗೂ ಅದನ್ನು ಮುಂದೆ ತಂದು ತೋರಿಸುವ ದರ್ದು ಇಲ್ಲ.

ಪುಣೆಯ ಕನ್ನಡಿಗರಿಗೆ ಇದು ಸಣ್ಣ ಮಾತಲ್ಲ. ಕುಂದಗೋಳದ ಸವಾಯಿ ಗಂಧರ್ವರು ಕೊನೆಯುಸಿರೆಳೆದದ್ದು ಪುಣೆಯಲ್ಲಿ. ಗದಗಿನ ಭೀಮಸೇನ ಜೋಶಿಯವರು ಗುರುವಿನ ಹೆಸರಿನಲ್ಲಿ ಆರಂಭಿಸಿದ, 1953ರಿಂದ ನಡೆದುಬಂದ ಉತ್ಸವ ಅದೇ ಊರಿನದು. ಅಲ್ಲಿ "ನಮ್ಮ ಸಂಗೀತ" ಎಂದರೆ ಖಯಾಲು, ಅದನ್ನು ಹೊತ್ತುಗೊತ್ತು ನೋಡಿ ಕೇಳುವ ರೂಢಿ ಮನೆಮನೆಯಲ್ಲಿದೆ. ಗೋವೆಯ ವಾಸ್ಕೋದಲ್ಲಿ ದುಡಿಯುವ ಬಾಗಲಕೋಟೆ, ಗದಗ ಕಡೆಯವರ ಹಸಿವು ಬೇರೆ. ಅವರಿಗೆ ಬೇಕಾದದ್ದು ತತ್ವಪದ, ಗೀಗೀ, ಡೊಳ್ಳಿನ ಹಾಡು. ಅವರಿಗೆಂದೇ ಒಂದು ಸ್ಟೇಷನ್ ಅನ್ನು ಯಾವ ಉಪಗ್ರಹವೂ ಇಟ್ಟಿರಲಿಲ್ಲ. ಅವರ ಹಿರಿಯರು ರಾತ್ರಿ ಹೊತ್ತು ಮೀಡಿಯಂ ವೇವ್‌ನಲ್ಲಿ ಧಾರವಾಡದ 765 ಕಿಲೋಹರ್ಟ್ಸ್ ಹುಡುಕುತ್ತಿದ್ದರು. ಈಗ ಆಕಾಶವಾಣಿಯ ನ್ಯೂಸ್ ಆನ್ ಏರ್ ಆಪ್‌ನಲ್ಲಿ ಅದೇ ಧಾರವಾಡ ಗೊರಗೊರ ಇಲ್ಲದೆ ಸಿಗುತ್ತದೆ. ಆ ಒಂದು ಕೇಂದ್ರಕ್ಕಾಗಿ ಡಿಶ್ ಹಾಕಿಸಬೇಡಿ.

ರಾಗಂ ಬೇಕೆನ್ನುವವರಿಗೆ

ರಾಗಂ ಆಕಾಶವಾಣಿಯ 24 ಗಂಟೆಯ ಶಾಸ್ತ್ರೀಯ ಸಂಗೀತದ ವಾಹಿನಿ, 2016ರ ಜನವರಿ 26ಕ್ಕೆ ಬೆಂಗಳೂರಿನಿಂದ ಶುರುವಾಯಿತು. 1952ರಿಂದ ನಡೆದ ರಾಷ್ಟ್ರೀಯ ಸಂಗೀತ ಕಾರ್ಯಕ್ರಮದಂಥ ಭಂಡಾರ ಬೆನ್ನಿಗಿದೆ. ಅದರ ಖಾನೆಯ ಬಾಡಿಗೆ ಕೇಳುಗರ ಚಂದಾದಿಂದ ಹುಟ್ಟಬೇಕಿಲ್ಲ. ಟಿವಿಗೆಂದು ಹಾರಿಸಿದ ಉಪಗ್ರಹದ ಮೂಲೆಯಲ್ಲಿ ಅದು ಪುಕ್ಕಟೆ ಕೂತಿದೆ. ಉಪಗ್ರಹದಲ್ಲಿ ಅಪರೂಪದ ಸಂಗೀತ ಬದುಕಲು ಇದೊಂದೇ ವ್ಯವಸ್ಥೆ ಸರಿ ಎಂದು ನನ್ನ ಅಭಿಪ್ರಾಯ. ತಿಂಗಳ ಚಂದಾ ಕೇಳುವ ಉಪಗ್ರಹ ಸಂಗೀತ ಸೇವೆ ನಾಳೆ ಮತ್ತೊಂದು ಬಂದರೆ ಒಂದು ರೂಪಾಯಿಯನ್ನೂ ಕೊಡಬೇಡಿ. ಫ್ರೀ ಡಿಶ್‌ಗೆ ಎರಡು ಸಾವಿರದ ಆಸುಪಾಸು ಖರ್ಚು ಮಾಡಬಹುದು, ಮನೆಗೆ ದಿಕ್ಕು ಸರಿಯಿದ್ದರೆ ಮತ್ತು ಫೋನು ಮುಟ್ಟಲು ಬೇಸರಪಡುವ ಹಿರಿಯರು ಮನೆಯಲ್ಲಿದ್ದರೆ ಮಾತ್ರ. ಉಳಿದವರಿಗೆ ಅದೇ ರಾಗಂ ಆಪ್‌ನಲ್ಲೂ ಇದೆ.

ದಿಕ್ಕು ನೋಡುವುದು ಹೀಗೆ. ಫ್ರೀ ಡಿಶ್ ಬರುವ ಉಪಗ್ರಹ ಜಿಸ್ಯಾಟ್-15 ಇರುವುದು 93.5 ಡಿಗ್ರಿ ಪೂರ್ವದಲ್ಲಿ. ಮುಂಬಯಿಯಿಂದ ದಿಕ್ಸೂಚಿಯಲ್ಲಿ 131, ಎತ್ತರ 57 ಡಿಗ್ರಿ. ಪಣಜಿಯಿಂದ 127, ಎತ್ತರ 61. ಇಷ್ಟೆಲ್ಲ ಅಳೆಯಲು ಬೇಸರವಾದರೆ ಮಾರ್ಚ್ ಎರಡನೇ ವಾರ ಅಥವಾ ಅಕ್ಟೋಬರ್ ಮೊದಲ ವಾರದವರೆಗೆ ಕಾಯಿರಿ. ಆ ದಿನಗಳಲ್ಲಿ ಬೆಳಿಗ್ಗೆ ಸುಮಾರು 11 ಗಂಟೆಗೆ ಸೂರ್ಯ ಸರಿಯಾಗಿ ಉಪಗ್ರಹದ ಬೆನ್ನ ಹಿಂದೆ ಬಂದು ನಿಲ್ಲುತ್ತಾನೆ. ಡಿಶ್ ಇಡಬೇಕೆಂದಿರುವ ಜಾಗಕ್ಕೆ ಆಗ ನೇರ ಬಿಸಿಲು ಬಿದ್ದರೆ ಸಿಗ್ನಲ್ಲೂ ಬೀಳುತ್ತದೆ. ಎದುರಿನ ಟವರಿನ ನೆರಳು ಬಿದ್ದರೆ ಕಟ್ಟಡದ ತಾರಸಿಯೇ ಗತಿ, ಸೊಸೈಟಿಯ ಸೆಕ್ರೆಟರಿಗೆ ಅರ್ಜಿ ಬರೆಯಿರಿ. (ಈಗಾಗಲೇ ಡಿಶ್ ಇರುವವರಿಗೆ ಅದೇ ದಿನಗಳಲ್ಲಿ ಅದೇ ಹೊತ್ತಿಗೆ ಕೆಲವು ನಿಮಿಷ ಪ್ರಸಾರ ಕಡಿಯುತ್ತದೆ. ಸೂರ್ಯನ ಸದ್ದು ಉಪಗ್ರಹದ ದನಿಯನ್ನು ಮುಳುಗಿಸುತ್ತದೆ, ಅಷ್ಟೇ. ಮೆಕ್ಯಾನಿಕ್‌ನನ್ನು ಕರೆದು ದುಡ್ಡು ಕಳೆಯಬೇಡಿ.)

ತಟ್ಟೆ ಆಕಾಶವನ್ನು ನೋಡುತ್ತಿಲ್ಲ, ಎದುರಿನ ಗೋಡೆ ನೋಡುತ್ತಿದೆ ಎಂದು ಮನೆಯವರು ಗಾಬರಿಯಾಗುವುದುಂಟು. ಈ ತಟ್ಟೆಗಳ ದೃಷ್ಟಿ ಮುಖಕ್ಕಿಂತ ಸುಮಾರು 24 ಡಿಗ್ರಿ ಮೇಲಿರುತ್ತದೆ. 57 ಡಿಗ್ರಿ ಎತ್ತರ ನೋಡಲು ಅದು ನೆಟ್ಟಗಿನ ಸ್ಥಿತಿಯಿಂದ 33 ಡಿಗ್ರಿಯಷ್ಟು ಹಿಂದಕ್ಕೆ ಒರಗಿದರೆ ಸಾಕು. ಕೂರಿಸುವಾಗ ಸೆಟ್-ಟಾಪ್ ಪೆಟ್ಟಿಗೆಯ ಪರದೆಯಲ್ಲಿ ಎರಡು ಪಟ್ಟಿ ಕಾಣುತ್ತವೆ, ಸ್ಟ್ರೆಂತ್ ಮತ್ತು ಕ್ವಾಲಿಟಿ. ಅರ್ಧ ಜನ ಮೋಸ ಹೋಗುವುದು ಇಲ್ಲಿ. ಸ್ಟ್ರೆಂತ್ ಏರಿದರೆ ಎಲ್‌ಎನ್‌ಬಿಗೆ (ತಟ್ಟೆಯ ಮುಂದಿನ ತೋಳಿನ ತುದಿಯಲ್ಲಿ ಸಿಗ್ನಲ್ ಹಿಡಿಯುವ ಭಾಗಕ್ಕೆ) ಕರೆಂಟು ಮುಟ್ಟಿದೆ ಎಂದರ್ಥ, ಆಕಾಶದ ಯಾವ ಮೂಲೆಗೆ ತಿರುಗಿಸಿದರೂ ಅದು ಏರಿಯೇ ಇರುತ್ತದೆ. ಕ್ವಾಲಿಟಿ ಏರುವುದು ಸರಿಯಾದ ಉಪಗ್ರಹ ಸಿಕ್ಕಾಗ ಮಾತ್ರ. ತಟ್ಟೆಯನ್ನು ಬಿಗಿದ ಮೇಲೂ ಕೆಲಸ ಮುಗಿಯಲಿಲ್ಲ. ಎಲ್‌ಎನ್‌ಬಿಯನ್ನು ಅದರ ಹಿಡಿಕೆಯಲ್ಲೇ ನಿಧಾನ ತಿರುಗಿಸಿ ಕ್ವಾಲಿಟಿ ಎಲ್ಲಿ ಗರಿಷ್ಠವೋ ಅಲ್ಲಿ ನಿಲ್ಲಿಸಬೇಕು. ಉಪಗ್ರಹ ನಮಗೆ ಓರೆಯಾಗಿರುವುದರಿಂದ ಅಲೆಯೂ ಓರೆಯಾಗಿ ಬರುತ್ತದೆ. ಅವಸರದ ಹುಡುಗರು ಈ ಒಂದು ಹೆಜ್ಜೆಯನ್ನು ಬಿಟ್ಟು ಹೋಗುತ್ತಾರೆ, ಬೇಸಿಗೆಯಲ್ಲಿ ಎಲ್ಲ ಚೆನ್ನಾಗಿದ್ದು ಜೂನ್ ಹತ್ತರ ಮೇಲೆ ಅದರ ಫಲ ಕಾಣುತ್ತದೆ.

ಮಳೆಯ ವಿಷಯದಲ್ಲಿ ಇದು ವರ್ಲ್ಡ್‌ಸ್ಪೇಸ್‌ನ ಪೂರ್ತಿ ವಿರುದ್ಧ. ಕೆಯು-ಬ್ಯಾಂಡಿನ 11 ಗಿಗಾಹರ್ಟ್ಸ್ ಅಲೆಯನ್ನು ದಪ್ಪ ಹನಿಗಳು ಹೀರಿಬಿಡುತ್ತವೆ. ಹೊರಗೆ ಧಾರಾಕಾರ, ಒಳಗೆ ಮಳೆಯ ರಾಗ ಮಿಯಾಂ ಮಲ್ಹಾರ ಕೇಳಬೇಕೆಂಬ ಆಸೆ, ಆಗಲೇ ಪೆಟ್ಟಿಗೆ ಮೂಕವಾಗುತ್ತದೆ. ಕೊಂಕಣ ಕರಾವಳಿಯಲ್ಲಿ 60 ಸೆಂಟಿಮೀಟರ್ ತಟ್ಟೆಯ ಬದಲು 90ರದ್ದು ಹಾಕಿದರೆ ಮೂರೂವರೆ ಡೆಸಿಬೆಲ್ ಹೆಚ್ಚು ಸಿಗುತ್ತದೆ. ಸಾಧಾರಣ ಮಳೆಯನ್ನು ಅದು ದಾಟಿಸುತ್ತದೆ, ಜಡಿಮಳೆಯನ್ನು ದಾಟಿಸದು. ಗೋವೆಯಲ್ಲಿ ಮಳೆಗಿಂತ ಕೆಟ್ಟದ್ದು ಉಪ್ಪುಗಾಳಿ. ಎಲ್‌ಎನ್‌ಬಿಗೆ ಸೇರುವ ಎಫ್-ಕನೆಕ್ಟರ್ ಎರಡೇ ಮಳೆಗಾಲಕ್ಕೆ ಹಸಿರು ಕಿಲುಬು ಹಿಡಿಯುತ್ತದೆ, ನೀರು ಆರ್‌ಜಿ-6 ಕೇಬಲಿನ ಜಾಲರಿ ಹಿಡಿದು ಒಳಕ್ಕೆ ಹರಿಯುತ್ತದೆ. ಕೈಯಿಂದ ತಿರುಚಿ ಹಾಕುವ ಕನೆಕ್ಟರ್ ಬೇಡ, ಒತ್ತಿ ಬಿಗಿಯುವುದು ಹಾಕಿಸಿ. ತನ್ನಿಂದ ತಾನೇ ಬೆಸೆಯುವ ರಬ್ಬರ್ ಟೇಪು ಸುತ್ತಿ. ಕೇಬಲ್ ಮನೆಯೊಳಕ್ಕೆ ಬರುವ ಮುನ್ನ ಕೆಳಕ್ಕೆ ಒಂದು ಬಳಕು ಬಿಡಿ, ನೀರು ಅಲ್ಲಿಂದ ತೊಟ್ಟಿಕ್ಕಲಿ. ಒಟ್ಟು ಉದ್ದ 30 ಮೀಟರ್ ದಾಟದಿರಲಿ.

ಕೇಳಲು ಟಿವಿ ಹಚ್ಚಿಡಬೇಕಿಲ್ಲ. ಪೆಟ್ಟಿಗೆಯ ಹಿಂದಿನ ಕೆಂಪು, ಬಿಳಿ ತೂತುಗಳಿಂದ ಆಂಪ್ಲಿಫೈಯರ್‌ಗೆ ವಯರು ಎಳೆದರೆ ಮುಗಿಯಿತು. ಒಮ್ಮೆ ಮಾತ್ರ ಟಿವಿ ಹಾಕಿ, ರಿಮೋಟಿನಲ್ಲಿ ರೇಡಿಯೋ ಗುಂಡಿ ಒತ್ತಿ ರಾಗಂನ ಸಂಖ್ಯೆ ನೋಡಿ ಚೀಟಿಯಲ್ಲಿ ಬರೆದು ಪೆಟ್ಟಿಗೆಗೆ ಅಂಟಿಸಿ. ವಾಹಿನಿಗಳ ಪಟ್ಟಿ ಆಗಾಗ ಬದಲಾಗುತ್ತದೆ, ಹೆಚ್ಚಾಗಿ ಏಪ್ರಿಲ್ ಆಸುಪಾಸು. ಒಂದು ಬೆಳಿಗ್ಗೆ ರಾಗಂ ಇದ್ದಲ್ಲಿ ಇನ್ನೇನೋ ಬಂದರೆ ಅದು ನಿಂತುಹೋಯಿತೆಂದು ಗೋಳಾಡುವ ಮೊದಲು ಮರು-ಸ್ಕ್ಯಾನ್ ಮಾಡಿ, ಹೊಸ ಚೀಟಿ ಅಂಟಿಸಿ.

ಕಾರು, ಸುರಂಗ, ಹಳೆಯ ಸೆಟ್ಟು

ನ್ಯೂಜೆರ್ಸಿಯ ಮಗನಿಗೆ ಉತ್ತರ ಚಿಕ್ಕದು. ಅಲ್ಲಿನ ಸಿರಿಯಸ್ ಎಕ್ಸ್‌ಎಂನಲ್ಲಿ ಜ್ಯಾಝ್‌ಗೆ, ಅಮೆರಿಕದ ಜಾನಪದ ಧಾಟಿಯ ಬ್ಲೂಗ್ರಾಸ್‌ಗೆ ಎಂದೇ ಸ್ಟೇಷನ್ ಇದೆ. ಮೊಬೈಲ್ ಸಿಗ್ನಲ್ ಇಲ್ಲದ ಹೆದ್ದಾರಿಯಲ್ಲಿ ವಾರಕ್ಕೆ ಹತ್ತು ಗಂಟೆ ಓಡಿಸುವವನಿಗೆ, ಆ ಎರಡರಲ್ಲಿ ಒಂದು ಇಷ್ಟವಿದ್ದರೆ, ಚಂದಾ ದಂಡವಲ್ಲ. ಪುರಂದರದಾಸರಿಗಾಗಿ ಕಟ್ಟುವುದಾದರೆ ದಂಡ. ರಿಸೀವರನ್ನು ಊರಿಗೆ ತರುವ ಯೋಚನೆಯೂ ಬೇಡ, ಆ ಉಪಗ್ರಹಗಳ ಬೆಳಕು ಈ ಕಡೆ ಬೀಳುವುದೇ ಇಲ್ಲ.

ಇಲ್ಲಿನ ಪ್ರಯಾಣಕ್ಕೆ ಉಪಗ್ರಹವೂ ಸಾಲದು, ಆಪ್ ಕೂಡ ಸಾಲದು. ಮುಂಬಯಿಯಿಂದ ಮಡಗಾಂವಿಗೆ ಕೊಂಕಣ ರೈಲಿನಲ್ಲಿ ಹೊರಟವರು ರತ್ನಾಗಿರಿಗೆ ಮುಂಚಿನ ಕರ್ಬುಡೆ ಸುರಂಗದೊಳಗೆ ಆರೂವರೆ ಕಿಲೋಮೀಟರ್ ಕತ್ತಲಲ್ಲಿರುತ್ತಾರೆ. ಆಲಾಪ ಮುಗಿದು ಬಂದಿಶ್ ಎತ್ತಿಕೊಳ್ಳುವ ಹೊತ್ತಿಗೆ ಸ್ಟ್ರೀಮ್ ಚಕ್ರ ತಿರುಗತೊಡಗುತ್ತದೆ. ಹೊರಡುವ ಹಿಂದಿನ ರಾತ್ರಿ ಇಳಿಸಿಟ್ಟುಕೊಂಡ ಕಡತವೊಂದೇ ಅಲ್ಲಿ ಹಾಡುತ್ತದೆ.

ಆ ವರ್ಲ್ಡ್‌ಸ್ಪೇಸ್ ಸೆಟ್ಟು ಇನ್ನೂ ಅಟ್ಟದ ಮೇಲಿದ್ದರೆ ಗುಜರಿಯವನಿಗೆ ಹಾಕುವ ಮುನ್ನ ಒಮ್ಮೆ ಕೆಳಗಿಳಿಸಿ ನೋಡಿ. ಮೊದಲ ತಲೆಮಾರಿನ ಸೆಟ್‌ಗಳಲ್ಲಿ ಎಫ್‌ಎಂ, ಮೀಡಿಯಂ ವೇವ್, ಶಾರ್ಟ್‌ವೇವ್ ಮೂರೂ ಇದ್ದವು. ಅವಕ್ಕೆ ಯಾವ ಉಪಗ್ರಹವೂ ಬೇಡ. ಬ್ಯಾಟರಿ ಖಾನೆ ಬಿಚ್ಚಿ, ಸೋರಿದ ಸೆಲ್ಲಿನ ಬಿಳಿ ಪುಡಿ ಕೂತಿದ್ದರೆ ಹಳೆಯ ಟೂತ್‌ಬ್ರಷ್‌ಗೆ ಒಂದೆರಡು ಹನಿ ವಿನೆಗರ್ ಹಾಕಿ ಉಜ್ಜಿ, ಪೂರ್ತಿ ಒಣಗಿದ ಮೇಲಷ್ಟೇ ಹೊಸ ಸೆಲ್ ಹಾಕಿ.